ಕಾಂಪೌಂಡರ್ ಮಾವನ ಅಳತೆ

ಹೊಗೆಸೊಪ್ಪು ಬೇಯುವ ವಾಸನೆ ಹೊಸಬರಿಗೆ ಹಿತವಾಗಿಯೇ ಇರುತ್ತದೆ. ಬೆಲ್ಲದ ಪಾಕ ತಳ ಹಿಡಿಯುವ ಹೊತ್ತಿಗೆ ಬರುತ್ತದಲ್ಲ, ಹೆಚ್ಚುಕಡಿಮೆ ಅಂಥದೇ ಘಾಟು. ಅರಕಲಗೂಡಿನಿಂದ ರಾಮನಾಥಪುರದ ಕಡೆ ಹೋಗುವ ರಸ್ತೆಯಲ್ಲಿ ನನ್ನ ತವರು. ಹೋದ ತಿಂಗಳು ಅಣ್ಣನ ಮನೆಗೆ ಹೋದಾಗ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿಗೆ ಬೆಂಕಿ ಹಾಕಿದ್ದರು. ಪಡಸಾಲೆಯಲ್ಲಿ ಅತ್ತಿಗೆ ಬೆಂದ ಎಲೆಗಳನ್ನು ಬಣ್ಣ ನೋಡಿ ಬೇರೆಬೇರೆ ಮಾಡುತ್ತಾ ಕೂತಿದ್ದರು. ಕೊನೆಗೆ ನೆಲದ ಮೇಲೆ ಉದುರಿದ್ದ ಪುಡಿಯನ್ನೆಲ್ಲ ಮೊರಕ್ಕೆ ಗುಡಿಸಿಕೊಂಡು, "ತಗೊಂಡೋಗು, ನಿನ್ ಬಟ್ಟೆ ಬೀರುಗೆ ಆಯ್ತದೆ" ಅಂದರು. ನಾನು ಬೇಡ ಅಂದೆ. ಅಂದದ್ದು ಸ್ವಲ್ಪ ಜೋರಾಯಿತೇನೋ, ಅತ್ತಿಗೆ ತಲೆಯೆತ್ತಿ ನನ್ನ ಮುಖ ನೋಡಿದರು. ಎದ್ದು ಹೊರಗೆ ಬಂದೆ. ಹೊರಗೂ ಅದೇ ವಾಸನೆ...

ಆ ವಾಸನೆ ಮೂಗಿಗೆ ಬಡಿದಾಗಲೆಲ್ಲ ನನಗೆ ಒಬ್ಬರ ನೆನಪಾಗುತ್ತದೆ. ವಿಚಿತ್ರವೆಂದರೆ ಅವರು ಬೀಡಿ ಸೇದಿದವರಲ್ಲ, ಎಲೆಯಡಿಕೆಗೆ ಹೊಗೆಸೊಪ್ಪು ಹಾಕಿದವರಲ್ಲ, ನಶ್ಯ ಕೂಡ ಮುಟ್ಟಿದವರಲ್ಲ.

ಹದಿನಾಲ್ಕು ವರ್ಷದ ಹಿಂದಿನ ಮಾತು. ಆಗಲೂ ಈಗಲೂ ನಾವಿರುವುದು ಅರಕಲಗೂಡಿನ ಅದೇ ಮನೆಯಲ್ಲಿ. ನಮ್ಮನೆಯವರಿಗೆ ಗೊರೂರು ಡ್ಯಾಮಿನ ಹತ್ತಿರ ಕೆಲಸ, ಶನಿವಾರ ಬಂದು ಸೋಮವಾರ ಹೋಗುತ್ತಿದ್ದರು. ನಾನು ಮುಂದಿನ ಕೋಣೆಯಲ್ಲಿ ಮೆಷಿನ್ ಹಾಕಿಕೊಂಡು ರವಿಕೆ ಹೊಲಿಯುತ್ತಿದ್ದೆ. ನಮ್ಮ ಹಿತ್ತಿಲಿಗೂ ಪಕ್ಕದ ಮನೆಯ ಹಿತ್ತಿಲಿಗೂ ನಡುವೆ ಸೊಂಟದೆತ್ತರದ ಗೋಡೆ. ಆ ಗೋಡೆಯಾಚೆ ಕಾಂಪೌಂಡರ್ ಮಾವ ಇದ್ದರು.

ದನದ ಆಸ್ಪತ್ರೆಯಲ್ಲಿ ಕಾಂಪೌಂಡರಾಗಿ ಸೇರಿ, ಕಾಂಪೌಂಡರಾಗಿಯೇ ರಿಟೈರ್ ಆದವರು. ಡಾಕ್ಟರುಗಳು ಬಂದರು, ವರ್ಗವಾಗಿ ಹೋದರು. ಊರಿನ ದನಕರುಗಳಿಗೆ ಗೊತ್ತಿದ್ದದ್ದು ಇವರ ಕೈ ಮಾತ್ರ. ರಿಟೈರ್ ಆದ ಮೇಲೂ ಬೆಳಿಗ್ಗೆ ಅವರ ಜಗಲಿಯ ಮುಂದೆ ಯಾರಾದರೂ ಒಂದು ಕುಂಟುವ ಮೇಕೆಯನ್ನೋ, ಮೇವು ಬಿಟ್ಟ ಕರುವನ್ನೋ ಹಿಡಿದುಕೊಂಡು ನಿಂತಿರುತ್ತಿದ್ದರು. ಹೆಂಡತಿ ತೀರಿಕೊಂಡಿದ್ದರು. ಒಬ್ಬಳೇ ಮಗಳನ್ನು ಚನ್ನರಾಯಪಟ್ಟಣಕ್ಕೆ ಕೊಟ್ಟಿದ್ದರು. ಆಕೆ ಬಂದಾಗಲೆಲ್ಲ, ನಮ್ಮ ಜೊತೆಗೇ ಬಂದು ಇರಿ ಅಪ್ಪಾಜಿ ಎಂದು ಗೋಗರೆಯುತ್ತಿದ್ದದ್ದು ನನಗೆ ಗೋಡೆಯಾಚೆಯಿಂದ ಕೇಳುತ್ತಿತ್ತು. "ಅಲ್ಲಿ ನನ್ನ ಯಾರವ್ವ ಕೇಳ್ತಾರೆ? ಇಲ್ಲಾದ್ರೆ ದನ ಕರ ಕೇಳ್ತವೆ" ಎನ್ನುವುದು ಇವರ ಉತ್ತರ.

ಅವರ ಹೆಗಲಿಗೆ ಸದಾ ಒಂದು ಖಾಕಿ ಕ್ಯಾನ್‌ವಾಸ್ ಚೀಲ. ಅದರ ಒಳಜೇಬಿನಲ್ಲಿ ಔಷಧಿ ಬಾಟಲಿಯ ಒಂದು ಪ್ಲಾಸ್ಟಿಕ್ ಮುಚ್ಚಳ. ಮುಚ್ಚಳದ ಒಳಮೈಯಲ್ಲಿ ದಬ್ಬಳದಿಂದ ಮೂರು ಗೆರೆ ಕೊರೆದಿದ್ದರು. ಕೆಳಗಿನದು ನಾಯಿಮರಿಗೆ, ನಡುವಿನದು ಮೇಕೆಮರಿಗೆ, ಮೇಲಿನದು ಕರುವಿಗೆ. ಆಗಲೇ ಅವರ ಕಣ್ಣಿಗೆ ಪೊರೆ ಬರತೊಡಗಿತ್ತು. ಔಷಧಿ ಹೊಯ್ಯುವಾಗ ಕಿರುಬೆರಳಿನ ಉಗುರನ್ನು ಗೆರೆಗೆ ಕೊಟ್ಟು, ಉಗುರಿಗೆ ತಣ್ಣಗಾದ ಕೂಡಲೇ ನಿಲ್ಲಿಸುತ್ತಿದ್ದರು. ಹೊಲಿಗೆಯವಳಾದ ನನಗೆ ಅದನ್ನು ನೋಡುವುದೇ ಒಂದು ಖುಷಿ. ಅಳತೆಯ ವಿಷಯದಲ್ಲಿ ನಾನು ಸುಮ್ಮನೆ ಯಾರನ್ನೂ ಮೆಚ್ಚುವವಳಲ್ಲ.

ನಮ್ಮನೆಯವರು ಒಂದು ಶನಿವಾರ ಗೊರೂರಿನ ಕ್ವಾರ್ಟರ್ಸ್‌ನಿಂದ ಒಂದು ನಾಯಿಮರಿಯನ್ನು ಕೈಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ತಂದರು. ನಾನು ವಾರವೆಲ್ಲ ಒಬ್ಬಳೇ ಇರುತ್ತೇನೆ, ಜೊತೆಗಿರಲಿ ಎಂದು. ಕಂದು ಮೈ, ಬಿಳಿ ಪಾದ. ಹುಟ್ಟಿದ್ದು ಇಂಜಿನಿಯರರ ಮನೆಯ ಹಿಂದೆ ಎಂದು ಅದಕ್ಕೆ ಇಂಜಿನಿಯರ್ ಎಂದೇ ಹೆಸರಿಟ್ಟರು. ಹೆಸರಿಟ್ಟು ಸೋಮವಾರ ಬೆಳಿಗ್ಗೆ ಬಸ್ಸು ಹತ್ತಿ ಹೋದರು. ಉಳಿದದ್ದೆಲ್ಲ ನನ್ನ ತಲೆಗೆ ಬಂತು.

ಹೇಳಲು ನಾಚಿಕೆ, ಆದರೆ ಹೇಳದೆ ವಿಧಿಯಿಲ್ಲ. ಆ ಮರಿ ತನ್ನ ಕಕ್ಕವನ್ನು ತಾನೇ ತಿನ್ನುತ್ತಿತ್ತು. ಮೊದಲ ಸಲ ಕಂಡಾಗ ನನಗೆ ಮಧ್ಯಾಹ್ನದ ಊಟ ಸೇರಲಿಲ್ಲ. ದಿನಾ ಲಿಂಗಪೂಜೆ ಆಗುವ ಮನೆ ನಮ್ಮದು. ನೀರಿನ ಚೊಂಬನ್ನು ಕೂಡ ಎರಡು ಸಲ ತೊಳೆಯುವವಳು ನಾನು. ಅದು ತಿಂದ ಬಾಯಲ್ಲೇ ಬಂದು ನನ್ನ ಕಾಲು ನೆಕ್ಕುವುದು, ಗಿರಾಕಿಗಳು ತಂದ ಬಟ್ಟೆಗೆ ಮೂತಿ ಒರೆಸುವುದು. ಮೂತಿಯನ್ನು ಅದಕ್ಕೇ ತಿಕ್ಕಿ ಎರಡು ಬಾರಿಸಿ, ತಾನೇ ಬಿಡುತ್ತದೆ ಎಂದು ಕೇಳಿದವರೆಲ್ಲ ಹೇಳಿದರು. ನನ್ನ ಕೈಗೆ ಸುಲಭವಾಗಿ ಸಿಗುತ್ತಿದ್ದದ್ದು ಬಟ್ಟೆ ಅಳೆಯುವ ಮರದ ಸ್ಕೇಲು. ಒಂದು ವಾರ ಅದರಲ್ಲೇ ಬಾರಿಸಿದೆ. ಮರಿಯ ಕುಂಯ್ ಕುಂಯ್ ಕೇಳಿ ಗೋಡೆಯ ಮೇಲೆ ಮಾವನ ಮುಖ ಕಾಣಿಸಿತು.

"ಒಡೀಬ್ಯಾಡ ಕಣವ್ವ. ನೀನು ಒಡ್ದಷ್ಟೂ ತಿಂತದೆ ಅದು."

"ಮತ್ತೆ ಮುದ್ದು ಮಾಡ್ಲಾ ಮಾವ, ಈ ಕೆಲಸಕ್ಕೆ?" ನನ್ನ ನಾಲಗೆ ಆಗಲೂ ಅಷ್ಟೇ ಉದ್ದ.

ಅವರು ನಗಲಿಲ್ಲ. "ತಿಂದಿದ್ಕೆ ಒಡುದ್ರೋ, ಮಾಡಿದ್ಕೆ ಒಡುದ್ರೋ, ಅದ್ಕೇನ್ ಗೊತ್ತು? ನೆಲದ ಮ್ಯಾಲೆ ಅದು ಕಂಡ್ರೆ ಏಟು ಬೀಳ್ತದೆ, ಅಷ್ಟೇ ಅದ್ಕೆ ಗೊತ್ತಿರಾದು. ಅದ್ಕೇಯ, ನೀನು ನೋಡಾಕ್ ಮುಂಚೆ ನುಂಗ್ಬುಡ್ತದೆ."

ಅವತ್ತಿನಿಂದ ಮರಿಯ ಪಾಠ ಅವರೇ ವಹಿಸಿಕೊಂಡರು. ಬೆಳಿಗ್ಗೆ ಗೋಡೆ ದಾಟಿ ಬರುತ್ತಿದ್ದರು, ಆ ವಯಸ್ಸಿನಲ್ಲಿ. ಹೊತ್ತು ಹೊತ್ತಿಗೆ ಸರಿಯಾಗಿ ಮೂರು ಸಲ ಊಟ. ತಿಂದು ಸ್ವಲ್ಪ ಹೊತ್ತಿಗೆ ಮರಿ ನೆಲ ಮೂಸುತ್ತ ಸುತ್ತು ಹೊಡೆಯತೊಡಗಿದರೆ ಎತ್ತಿಕೊಂಡು ಹಿತ್ತಿಲ ಮೂಲೆಗೆ ಬಿಡಬೇಕು. ಮಾಡಿ ಮುಗಿಸಿದ ತಕ್ಷಣ ಹೆಸರು ಹಿಡಿದು ಈ ಕಡೆ ಕರೆದು ಬಾಯಿಗೆ ಒಂದು ಚೂರು ಕೊಬ್ಬರಿ ಕೊಡಬೇಕು. ಅದು ಕೊಬ್ಬರಿ ಅಗಿಯುವಷ್ಟರಲ್ಲಿ ಬೂದಿ ಹಾಕಿ ತಗಡಿನಲ್ಲಿ ಬಾಚಿ ಎಸೆಯಬೇಕು. ಬೈಯಬಾರದು, ಸ್ಕೇಲು ಮುಟ್ಟಬಾರದು. ನಮ್ಮ ಮನೆಯ ಹಾಲು ಅನ್ನದಲ್ಲೇ ಮರಿ ಬೆಳೆಯುವುದಿಲ್ಲವೆಂದು ತಮ್ಮ ಮನೆಯಲ್ಲೇ ಮೊಟ್ಟೆ ಬೇಯಿಸಿ, ನನ್ನ ಕಣ್ಣಿಗೆ ಬೀಳದ ಹಾಗೆ ಗೋಡೆಯ ಆ ಬದಿಯಲ್ಲಿ ತಿನ್ನಿಸುತ್ತಿದ್ದರು. ಹೊಟ್ಟೆಯಲ್ಲಿ ಹುಳವಿದ್ದರೂ ತಿಂದದ್ದು ಮೈಗೆ ಹತ್ತದೆ ಹೀಗೆ ಮಾಡುತ್ತದೆ ಎಂದು ಹುಳದ ಔಷಧಿಯನ್ನೂ ಹಾಕಿದರು, ಮುಚ್ಚಳದ ಕೆಳಗಿನ ಗೆರೆಯವರೆಗೆ, ಉಗುರು ಕೊಟ್ಟು. ಹದಿನೈದು ದಿನ ಬಿಟ್ಟು ಇನ್ನೊಂದು ಸಲ ಹಾಕಬೇಕು ಎಂದರು.

ಆಶ್ಚರ್ಯವೆಂದರೆ ಮರಿ ಕಲಿಯಿತು. ಎರಡನೇ ವಾರದ ಹೊತ್ತಿಗೆ ತಾನೇ ಮೂಲೆಗೆ ಹೋಗಿ, ಮುಗಿಸಿ, ಕೊಬ್ಬರಿಗಾಗಿ ಗೋಡೆಯ ಹತ್ತಿರ ಓಡಿ ಬಂದು ಕೂರುತ್ತಿತ್ತು. ದಿನಕ್ಕೆ ಒಂದು ಸಲ ಎಲ್ಲೋ ಹಳೇ ಚಾಳಿ ತೋರಿಸುತ್ತಿತ್ತು, ಅಷ್ಟೇ. "ಇನ್ನೊಂದ್ ಎಲ್ಡ್ ವಾರ ತಡ್ಕಳವ್ವ, ಮರ್ತ್ಬುಡ್ತದೆ" ಎಂದಿದ್ದರು ಮಾವ. ನಾನು ಮೆಷಿನ್ ತುಳಿಯುವಾಗ ಅದು ಪೆಡಲಿನ ಪಕ್ಕದಲ್ಲೇ ಮಲಗುತ್ತಿತ್ತು. ಬಿಳಿ ಪಾದ ಒಂದರ ಮೇಲೊಂದು... ನನಗೂ ಇಷ್ಟವಾಗತೊಡಗಿತ್ತು. ಅದನ್ನು ಈಗ ಹೇಳಿ ಏನು ಬಂತು.

ಎರಡನೇ ಸಲ ಔಷಧಿ ಹಾಕುವ ದಿನ ಮಾವ ಬೆಳಿಗ್ಗೆಯೇ ಬಂದು ಹಾಕಿ ಹೋದರು. ಮದುವೆಯ ಕಾಲ ಅದು. ನನಗೆ ಕೈತುಂಬ ಕೆಲಸ. ಹನ್ನೊಂದರ ಹೊತ್ತಿಗೆ ಮದುವೆ ಹೆಣ್ಣೊಬ್ಬಳು ತಾಯಿಯ ಜೊತೆ ರೇಷ್ಮೆ ರವಿಕೆಯ ಬಟ್ಟೆ ತಂದಳು. ಅವರು ಒಳಗೆ ಬರುವಾಗಲೇ ಹಿತ್ತಿಲ ಬಾಗಿಲಿನಲ್ಲಿ ಮರಿ ಅದೇ ಕೆಲಸದಲ್ಲಿತ್ತು. ತಾಯಿ ಕಂಡರು. ಅದು ಬಾಲ ಆಡಿಸುತ್ತಾ ಬಂದು ಹುಡುಗಿಯ ಕೈ ನೆಕ್ಕಿಬಿಟ್ಟಿತು. "ಥೂ, ಇಂಥ ಮನೇಲಿ ಧಾರೆ ಬಟ್ಟೆ ಒಲ್ಸಾದಾ?" ಎಂದು ಆಕೆ ಬಟ್ಟೆ ಗಂಟನ್ನು ಎತ್ತಿಕೊಂಡು ಹೊರಟೇ ಹೋದರು. ನನ್ನ ಮನೆಯನ್ನು ಹೊಲಸು ಎಂದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ನನಗೆ ಮೈಯೆಲ್ಲ ಉರಿಯಿತು.

ನಮ್ಮ ತವರಿನ ಕಡೆ ಹೊಗೆಸೊಪ್ಪು ಬರದ ಕೆಲಸವಿಲ್ಲ. ಬಟ್ಟೆ ಪೆಟ್ಟಿಗೆಗೆ ಹುಳು ಬೀಳದಂತೆ ಅದರ ಎಲೆ, ಕೋಳಿಗೆ ಹೇನಾದರೆ ಗೂಡಿಗೆ ಅದರ ದಂಟು, ಬದನೆ ಗಿಡಕ್ಕೆ ಹುಳ ಬಿದ್ದರೆ ಅದನ್ನು ನೆನೆಸಿದ ನೀರು. ಮರಿಯ ಚಾಳಿಯನ್ನು ಹೇಳಿಕೊಂಡಾಗ ನಮ್ಮವ್ವ ಫೋನಿನಲ್ಲಿ ಹೇಳಿದ್ದಳು: "ಒಗೆಸೊಪ್ಪಿನ್ ಪುಡಿ ಉದುರ್ಸು, ಯಾವ್ ಪ್ರಾಣಿನೂ ಬಾಯಾಕಕಿಲ್ಲ." ಅವತ್ತು ಅದು ನೆನಪಾಯಿತು. ನನ್ನ ಬೀರುವಿನಲ್ಲಿ ತವರಿನ ಹೊಗೆಸೊಪ್ಪಿನ ಪುಡಿ ಒಂದು ಡಬ್ಬಿ ತುಂಬ ಇತ್ತು. ಮಾವನನ್ನು ಒಂದು ಮಾತು ಕೇಳಬಹುದಿತ್ತು, ಗೋಡೆಯಾಚೆ ಇದ್ದರು. ಕೇಳಲಿಲ್ಲ.

ಮಧ್ಯಾಹ್ನ ಮರಿ ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಮಾಡಿ ಮುಗಿಸಿದ ಮೇಲೆ ನಾನು ಕೊಬ್ಬರಿ ಕೊಡಲಿಲ್ಲ. ಒಂದು ಹಿಡಿ ಪುಡಿಯನ್ನು ಅದರ ಮೇಲೆ ಉದುರಿಸಿ ಬಾಗಿಲ ಹಿಂದೆ ನಿಂತೆ. ಕೈಯಲ್ಲಿ ಸ್ಕೇಲಿತ್ತು. ಮರಿ ಹತ್ತಿರ ಹೋಗಿ ಮೂಸಿತು, ಸೀನಿತು, ಹಿಂದಕ್ಕೆ ಸರಿಯಿತು. ಗೆದ್ದೆ ಅಂದುಕೊಂಡು ನಾನು ಬಾಗಿಲಿನಿಂದ ಹೊರಗೆ ಬಂದೆ. ಅದು ತಿರುಗಿ ನೋಡಿತು. ನನ್ನನ್ನು ನೋಡಿತು, ಸ್ಕೇಲನ್ನು ನೋಡಿತು. ಕಿವಿ ತಲೆಗೆ ಅಂಟಿಕೊಂಡವು. ಬಿಟ್ಟು ಬಂದಿದ್ದದ್ದರ ಹತ್ತಿರ ಮತ್ತೆ ಓಡಿತು. ಎರಡೇ ಬಾಯಿಗೆ, ಪುಡಿಯ ಸಮೇತ ನುಂಗಿಬಿಟ್ಟಿತು. ನುಂಗುವಷ್ಟು ಹೊತ್ತೂ ನನ್ನನ್ನೇ ನೋಡುತ್ತಿತ್ತು.

ಅರ್ಧ ಗಂಟೆಯೊಳಗೆ ಜೊಲ್ಲು ಸುರಿಯತೊಡಗಿತು. ಆಮೇಲೆ ವಾಂತಿ. ಪಡಸಾಲೆಯ ನೆಲದ ಮೇಲೆ ಕಂದು ನೀರು, ಅದರ ತುಂಬ ಹೊಗೆಸೊಪ್ಪಿನ ಘಾಟು. ಕಾಲುಗಳು ನಡುಗತೊಡಗಿದವು. ಆಗ ನಾನು ಮಾಡಿದ ಮೊದಲ ಕೆಲಸ ಯಾವುದು ಗೊತ್ತೇ? ನೆಲಕ್ಕೆ ಫಿನಾಯಿಲ್ ಹಾಕಿ ಒರೆಸಿದೆ. ಒಗೆಯುವ ಕಲ್ಲಿನ ಹಿಂದೆ ಎರಡು ಕೊಡ ನೀರು ಸುರಿದೆ. ಮರಿಯ ಮೂತಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಅಷ್ಟೆಲ್ಲ ಆದ ಮೇಲೆ ಗೋಡೆಯ ಹತ್ತಿರ ಹೋಗಿ ಮಾವನನ್ನು ಕೂಗಿದೆ.

ಅವರು ಚೀಲದ ಸಮೇತ ಬಂದರು. ಮರಿಯನ್ನು ತೊಡೆಯ ಮೇಲೆ ಹಾಕಿಕೊಂಡು ಕಣ್ಣಿನ ರೆಪ್ಪೆ ಬಿಡಿಸಿ ಬೆಳಕಿಗೆ ಹಿಡಿದು ನೋಡಿದರು.

"ಏನಾರ ತಿಂತೇನವ್ವ?"

"ಏನೂ ಇಲ್ಲ ಮಾವ."

"ಫಿನಾಯಿಲ್ ನೆಕ್ತಾ?"

"ಇಲ್ಲ. ಅದು ಆಮೇಲೆ ಒರೆಸಿದ್ದು."

ಸರಿಯಾಗಿ ಹೇಳಿದ್ದರೆ ಅವರು ಏನಾದರೂ ಮಾಡುತ್ತಿದ್ದರೋ ಏನೋ. ಇದ್ದಿಲಿನ ಪುಡಿ ಕದಡಿ ಕುಡಿಸುತ್ತಿದ್ದರೇನೋ, ದನದ ಆಸ್ಪತ್ರೆಗೆ ಎತ್ತಿಕೊಂಡು ಓಡುತ್ತಿದ್ದರೇನೋ... ಗೊತ್ತಿಲ್ಲ. ಗೊತ್ತಿಲ್ಲದ್ದು ನನಗೆ ಒಳ್ಳೆಯದೇ ಆಯಿತು ಎಂದು ಎಷ್ಟೋ ವರ್ಷ ಅಂದುಕೊಂಡಿದ್ದೆ. ಮರಿ ಯಾಕೆ ನುಂಗುತ್ತದೆ ಎಂದು ಅವರು ನನಗೆ ಬಿಡಿಸಿ ಹೇಳಿದ್ದರು. ಅವತ್ತು ನಾನೂ ನುಂಗಿದೆ.

ನಾಲ್ಕು ಗಂಟೆಯ ಬಿಸಿಲು ಹಿತ್ತಿಲಲ್ಲಿ ಇನ್ನೂ ಇತ್ತು. ಮರಿ ಒಂದು ಸಲ ನೆಟ್ಟಗೆ ಸೆಟೆದುಕೊಂಡಿತು, ಹಾಗೇ ಉಸಿರು ನಿಂತಿತು. ಮಾವ ಬಹಳ ಹೊತ್ತು ಅದನ್ನು ತೊಡೆಯಿಂದ ಇಳಿಸಲಿಲ್ಲ. ಆಮೇಲೆ ಚೀಲದಿಂದ ಮುಚ್ಚಳ ತೆಗೆದು, ಬಿಸಿಲಿಗೆ ಹಿಡಿದು, ಉಗುರಿನಿಂದ ಗೆರೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. "ಬೆಳಿಗ್ಗೆ ಮ್ಯಾಲಿನ್ ಗೆರೆಗೆ ಬಿದ್ಬುಡ್ತೋ ಏನೋ ಕಣವ್ವ. ಕಣ್ಣು ಕಾಣಾಕಿಲ್ಲ. ಕೈ ಐತೆ ಅಂದ್ಕಂಡಿದ್ದೆ. ನಾನೇ ಕೊಂದ್ನೇನೋ" ಅಂದರು. ನಾನು ಅಲ್ಲೇ ಎರಡು ಮಾರು ದೂರದಲ್ಲಿ ಸೆರಗು ಹಿಡಿದುಕೊಂಡು ನಿಂತಿದ್ದೆ. ಸೀಬೆ ಗಿಡದ ಬುಡದಲ್ಲಿ ಗುಂಡಿಯನ್ನು ಅವರೇ ತೋಡಿದರು. ನನ್ನ ಕೈಗೆ ಗುದ್ದಲಿ ಕೊಡಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ನನ್ನ ತಪ್ಪು ಒಂದೇ ಎಂದುಕೊಳ್ಳಬಹುದಿತ್ತು. ಮಾರನೆಯ ದಿನದಿಂದ ಬಟ್ಟೆ ಕೊಡಲು ಬಂದವರೆಲ್ಲ ಮರಿ ಎಲ್ಲಿ ಎಂದು ಕೇಳಿದರು. ಹುಳದ ಔಷಧಿ ಹೆಚ್ಚಾಯ್ತಂತೆ, ಅಂದೆ. ನಮ್ಮನೆಯವರು ಶನಿವಾರ ಬಂದು ಕೇಳಿದಾಗಲೂ ಅದನ್ನೇ ಅಂದೆ. ಯಾರು ಹಾಕಿದ್ದು ಎಂದು ಯಾರೂ ಕೇಳಬೇಕಾಗಿರಲಿಲ್ಲ, ಊರಿಗೆಲ್ಲ ಗೊತ್ತಿತ್ತು. ಹೊಲಿಗೆಯವಳ ಮನೆಯಲ್ಲಿ ಆಡಿದ ಮಾತು ಸಂಜೆಯೊಳಗೆ ನಾಲ್ಕು ಬೀದಿ ದಾಟುತ್ತದೆ. ಕಾಂಪೌಂಡ್ರಿಗೆ ಕಣ್ಣು ಹೋಗಿದೆ, ಅಳತೆ ತಪ್ಪಿ ನಾಯಿ ಸತ್ತಿತು ಎಂದು ಜನ ಆಡಿಕೊಂಡರು. ಅವರ ಜಗಲಿಯ ಮುಂದೆ ಮೇಕೆ ಹಿಡಿದು ನಿಲ್ಲುವವರು ಒಬ್ಬೊಬ್ಬರಾಗಿ ಕಡಿಮೆಯಾದರು. ಬಂದ ಒಬ್ಬಿಬ್ಬರನ್ನೂ, "ನನ್ ಕೈ ಸರಿ ಇಲ್ಲ ಕಣಪ್ಪ, ಆಸ್ಪತ್ರೆಗೋಗು" ಎಂದು ಅವರೇ ಕಳಿಸುತ್ತಿದ್ದರು. ನಾನು ಒಳಗೆ ಕೂತು ಮೆಷಿನ್ ತುಳಿಯುತ್ತಿದ್ದೆ. ಮೆಷಿನ್ ಸದ್ದಿನಲ್ಲಿ ಏನೂ ಕೇಳುವುದಿಲ್ಲ ಎಂದು ನಟಿಸುವುದು ಸುಲಭ.

ಮಳೆಗಾಲ ಕಳೆಯುವಷ್ಟರಲ್ಲಿ ಅವರು ಮಗಳ ಮನೆಗೆ ಹೊರಟು ನಿಂತರು. ಹೋಗುವ ಮುಂಚೆ ಖಾಕಿ ಚೀಲ ಹಿಡಿದು ನಮ್ಮ ಮನೆಗೆ ಬಂದರು. "ಇನ್ ನನಗ್ಯಾಕವ್ವ ಇದು. ಕುಯ್ದು ಒಂದು ತರಕಾರಿ ಚೀಲ ಮಾಡ್ಕೊಡು, ಮಗಳ ಮನೆಗಾಯ್ತದೆ" ಅಂದರು. ಆ ಚೀಲಕ್ಕೆ ಕತ್ತರಿ ಇಡಲು ನನ್ನಿಂದ ಆಗಲಿಲ್ಲ. ಬೇರೆ ಖಾಕಿ ಬಟ್ಟೆಯಲ್ಲಿ ಹೊಸ ಚೀಲ ಹೊಲಿದು ಕೊಟ್ಟೆ. ಅವರು ಬೆರಳಿನಿಂದ ಬಟ್ಟೆಯನ್ನು ತಿಕ್ಕಿ ನೋಡಿದರು.

"ಇದು ನನ್ ಚೀಲದ ಬಟ್ಟೆ ಅಲ್ವಲ್ಲವ್ವ."

"ಅದು ಲಡ್ಡಾಗಿತ್ತು ಮಾವ. ಕತ್ತರಿ ಹಾಕಿದ್ರೆ ಪಿಸಿದು ಹೋಗ್ತಿತ್ತು."

ತಲೆಯಾಡಿಸಿದರು. "ನೀನು ಅಂದ್ಮ್ಯಾಲೆ ಆಯ್ತು ಬುಡು. ಅಳತೆ ಗೊತ್ತಿರೋ ಕೈ ನಿಂದು" ಅಂದರು. ಅವರಿಗೆ ಏನಾದರೂ ಗೊತ್ತಿತ್ತೇ ಎಂದು ಇವತ್ತಿಗೂ ಕೆಲವು ಸಲ ಯೋಚಿಸುತ್ತೇನೆ. ಗೊತ್ತಿದ್ದರೆ ಹಾಗೆ ಅನ್ನುತ್ತಿರಲಿಲ್ಲ. ಚುಚ್ಚಿ ಮಾತಾಡುವ ಮನುಷ್ಯರಲ್ಲ ಅವರು. ಬಾಗಿಲವರೆಗೆ ಹೋದೆ, ಬಾಯಿ ತೆರೆದೆ... ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದೆ.

ಅಲ್ಲಿಗೆ ಹೋದ ಮೂರನೇ ವರ್ಷ ತೀರಿಕೊಂಡರು. ನನಗೆ ತಿಳಿದದ್ದು ತಿಥಿಯೂ ಆದ ಮೇಲೆ, ಗಿರಾಕಿಯೊಬ್ಬಳ ಬಾಯಿಂದ. ಹಳೇ ಚೀಲ ನಮ್ಮ ಅಟ್ಟದ ಮೇಲೆ ಇತ್ತು. ಒಳಜೇಬಿನಲ್ಲಿ ಮುಚ್ಚಳ ಹಾಗೇ ಇತ್ತು.

ಅಣ್ಣನ ಮನೆಯಿಂದ ಬಂದ ಮೂರನೇ ದಿನ ಚೀಲವನ್ನು ಅಟ್ಟದಿಂದ ಇಳಿಸಿ, ಧೂಳು ಕೊಡವಿ, ಹೊಳೆನರಸೀಪುರದ ಬಸ್ಸು ಹತ್ತಿದೆ. ಅಲ್ಲಿಂದ ಚನ್ನರಾಯಪಟ್ಟಣಕ್ಕೆ ಇನ್ನೊಂದು ಬಸ್ಸು. ಬಾಗೂರು ರಸ್ತೆಯಲ್ಲಿ ವಿಚಾರಿಸಿದಾಗ ಮನೆ ಸಿಕ್ಕಿತು. ಮಗಳಿಗೂ ಈಗ ಅರ್ಧ ತಲೆ ಬೆಳ್ಳಗಾಗಿದೆ. ಗುರುತು ಹಿಡಿದು ಒಳಗೆ ಕರೆದರು. ಕಾಫಿ ಬರುವ ಮುಂಚೆ ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡಿದ್ದೆ, ಹಾಗೇ ಹೇಳಿದೆ. ಪುಡಿ, ಸ್ಕೇಲು, ಫಿನಾಯಿಲ್, ಆಮೇಲೆ ನಾನು ಊರಿಗೆ ಹೇಳಿದ ಸುಳ್ಳು, ಒಂದನ್ನೂ ಬಿಡಲಿಲ್ಲ. ಆಕೆ ಮುಚ್ಚಳವನ್ನು ಕೈಗೆ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದರು.

"ಅಂಗಾದ್ರೆ ಅಪ್ಪಾಜಿ ಅಳತೆ ಸರಿಯಾಗೇ ಇತ್ತಾ?"

"ಸರಿಯಾಗೇ ಇತ್ತು ಅಕ್ಕ."

ಆಕೆ ಮುಚ್ಚಳದೊಳಗಿನ ಗೆರೆಗಳನ್ನು ಬೆರಳಿನಿಂದ ಮುಟ್ಟಿ ನೋಡಿದರು. "ನನ್ ಮಗ ಆಗ ಸಣ್ಣೋನು. ಕೆಮ್ಮಾದಾಗ ಒಂದ್ ಚಮಚ ಔಷಧಿ ಉಯ್ದು ಕುಡ್ಸಿ ಅಪ್ಪಾಜಿ ಅಂದ್ರೆ ಮುಟ್ತಿರ್ಲಿಲ್ಲ. ಬಾಟ್ಲು ಇಡ್ಕಂಡು, ನಾನು ಕೆಲ್ಸದಿಂದ ಬರಾಗಂಟ ಕೂತಿರೋರು. ಮಗ ಕೆಮ್ತಾ ಕೂತಿರೋನು" ಅಂದರು. ಆಮೇಲೆ ಅಂದರು, "ಇದ್ನ ನನಗ್ಯಾಕೆ ಹೇಳ್ತೀರಿ? ಅವ್ರಿಗೆ ಹೇಳ್ಬೇಕಿತ್ತು."

ಬೈದರೆ ತಡೆದುಕೊಳ್ಳಲು ಸಿದ್ಧಳಾಗಿ ಹೋಗಿದ್ದೆ. ಅವರು ಬೈಯಲಿಲ್ಲ. ಮುಚ್ಚಳವನ್ನು ದೇವರ ಗೂಡಿನಲ್ಲಿ ಅಪ್ಪನ ಫೋಟೋದ ಮುಂದೆ ಇಟ್ಟರು. ಚೀಲವನ್ನು ನನಗೇ ವಾಪಸ್ಸು ಕೊಟ್ಟು, ನಮಗೆ ಬೇಡ, ನೀವೇ ಇಟ್ಕೊಳ್ಳಿ ಅಂದರು. ಕಾಫಿ ಬರಲಿಲ್ಲ. ನಾನೂ ಕೂರಲಿಲ್ಲ.

ಚೀಲವನ್ನು ಮತ್ತೆ ಅಟ್ಟಕ್ಕೆ ಹಾಕಿಲ್ಲ. ಮೆಷಿನ್ ಪಕ್ಕದ ಮೊಳೆಗೆ ನೇತುಹಾಕಿದ್ದೇನೆ, ಬಂದವರ ಕಣ್ಣಿಗೆ ಬೀಳುವ ಹಾಗೆ. ಸುಳ್ಳು ಹೋದದ್ದು ಇದೇ ಬಾಗಿಲಿನಿಂದ, ನಿಜವೂ ಇಲ್ಲಿಂದಲೇ ಹೋಗಲಿ ಎಂದು. ಮೊನ್ನೆ ಕಾಲೇಜು ಹುಡುಗಿಯೊಬ್ಬಳು ಚೂಡಿದಾರ್ ಹೊಲಿಸಲು ಬಂದವಳು, "ಯಾರ್ದು ಆಂಟಿ ಈ ಚೀಲ?" ಎಂದು ಕೇಳಿದಳು. ಹೇಳಿದೆ. ಅವರ ಅಳತೆ ಒಂದು ದಿನವೂ ತಪ್ಪಿರಲಿಲ್ಲ, ಆ ಮರಿಯನ್ನು ಕೊಂದವಳು ನಾನು ಎಂದು ಎಲ್ಲವನ್ನೂ ಹೇಳಿದೆ. ಹುಡುಗಿ ಫೋನಿನಿಂದ ತಲೆಯೆತ್ತಿ ಪಾಪ ಅಂದಳು. ಆಮೇಲೆ ಕೇಳಿದಳು, "ಯಾವ್ ಕಾಂಪೌಂಡ್ರು ಆಂಟಿ?"

ನಾನು ಟೇಪು ಬಿಚ್ಚಿ ಅವಳ ತೋಳಿನ ಅಳತೆ ತೆಗೆದುಕೊಂಡೆ.